ಬೋಲ್ಟಿನ ಮೇಲೆ ಹಸಿ ಸಿಂಧೂರ

"ಬಾಜೆ, ಬೀಗದಕೈ ತಿರುಗಿಸಿ. ಎಂಜಿನ್ ಈಗಲೇ ಬೇಡ, ಬರೀ ಬೀಗದಕೈ!"

ಕಾಂಛಿ ಎಂಬ ಗಾಡಿಯ ಬಾನೆಟ್ಟಿನೊಳಗೆ ಸೊಂಟದವರೆಗೂ ಬಗ್ಗಿಕೊಂಡಿದ್ದ ನಾನು ಅಲ್ಲಿಂದಲೇ ಕೂಗಿದೆ. ಬೆಟ್ಟದ ಬುಡದ ಮಾನೇಭಂಜಾಂಗಿನ ಬೆಳಗಿನ ಮಂಜು ನನ್ನ ಕುತ್ತಿಗೆಯ ಮೇಲೆ ತಣ್ಣಗೆ ಕೂತಿತ್ತು.

"ತಿರುಗಿಸಿದೆ ನಾನಿ." ನನಗೆ ಐವತ್ತು ತುಂಬಿದೆ. ಆದರೂ ರಣ್‌ಧೋಜ್ ಬಾಜೆಗೆ, ಈ ಅಜ್ಜನಿಗೆ, ನಾನು ಇನ್ನೂ ನಾನಿ, ಪುಟ್ಟ ಮಗು. ನನ್ನ ಗಂಡನಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ್ದು ಅವರು. ನನ್ನ ಮಗಳು ಹುಟ್ಟುವ ಹೊತ್ತಿಗೆ ನನ್ನನ್ನು ಆಸ್ಪತ್ರೆಗೆ ಇಳಿಸಿದ್ದೂ ಅವರೇ, ಇದೇ ಗಾಡಿಯಲ್ಲಿ. ಹಾಗಾಗಿ ಈ ಕೇಸು ನನಗೆ ಬರೀ ಕೇಸಲ್ಲ.

"ಕೆಂಪು ದೀಪ ಹತ್ತಿತಾ?"

"ಹತ್ತಿತು, ಹತ್ತಿತು."

ವಿಶ್ವಕರ್ಮ ಪೂಜೆ ಕಳೆದ ಮೇಲೆ ಮೂರು ಸಲ ಈ ಮುದಿ ಲ್ಯಾಂಡ್‌ರೋವರ್ ಮೇಘ್ಮಾದ ಬಯಲಿನಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿಸಿಕೊಂಡು ನಿಂತಿತ್ತು. ನಾಲ್ಕನೇ ಸಲ ನಿಂತರೆ ಸರದಿಯಿಂದ ನಂಬರು ತೆಗೆದುಹಾಕುತ್ತೇವೆ ಎಂದು ಗಾಡಿಗಳ ಸರದಿ ನಡೆಸುವ ಸಿಂಡಿಕೇಟಿನವರು ಹೇಳಿಬಿಟ್ಟಿದ್ದರು. ನಂಬರು ಹೋದರೆ ಗಾಡಿಗೆ ಬೆಟ್ಟವಿಲ್ಲ. ಬೆಟ್ಟವಿಲ್ಲದ ಕಾಂಛಿಯನ್ನು ಕೊಂಡು ಕೊಲ್ಕತ್ತೆಗೆ ಸಾಗಿಸಲು ತರಫ್ದಾರ್ ಎಂಬ ದಲ್ಲಾಳಿ ಕೆಳಗಿನ ಲಾಡ್ಜಿನಲ್ಲಿ ಆಗಲೇ ಠಿಕಾಣಿ ಹೂಡಿದ್ದ.

"ಯಾರೋ ನನ್ನ ಕಾಂಛಿಗೆ ಕೇಡು ಮಾಡ್ತಿದ್ದಾರೆ. ಯಾರು ಅಂತ ಕಂಡುಹಿಡಿ ನಾನಿ," ಎಂದು ಬಾಜೆ ನನ್ನ ಅಂಗಡಿಗೆ ಬಂದು ಟೋಪಿ ಕೈಯಲ್ಲಿ ಹಿಡಿದು ಕೂತಿದ್ದರು. ಊರಿನವರಿಗೆ ನಾನು ಬ್ಯಾಟರಿ ದಿದಿ. ಬ್ಯಾಟರಿ ಚಾರ್ಜ್ ಮಾಡುತ್ತೇನೆ, ಡೈನಮೋ ಬಿಚ್ಚುತ್ತೇನೆ, ನಡುವೆ ಕಳ್ಳರನ್ನೂ ಹಿಡಿಯುತ್ತೇನೆ. ಹೋದ ವಾರ ಮುಂದಿನ ಸರದಿಯ ಸಂಗೇ ಭುಟಿಯಾನ ಮೇಲೆ ಗುಮಾನಿ ಇಟ್ಟು, ಇಡೀ ಸ್ಟ್ಯಾಂಡಿನೆದುರು ಅವನ ಕೈಲಿ ಉಗಿಸಿಕೊಂಡಿದ್ದೆ. ಆ ಉರಿ ಇನ್ನೂ ಆರಿರಲಿಲ್ಲ.

ಇವತ್ತು ಕ್ರಮ ತಪ್ಪಬಾರದೆಂದು ಹಟ ತೊಟ್ಟಿದ್ದೆ. ಮೊದಲು ಬ್ಯಾಟರಿ: ಆರೂ ಕೋಣೆಗಳಲ್ಲಿ ನೀರು ಸರಿಯಾಗಿತ್ತು, ಆಸಿಡ್ಡಿನ ಸಾಂದ್ರತೆಯೂ ಸರಿಯಾಗಿತ್ತು. ಆಮೇಲೆ ತಂತಿ: ಟರ್ಮಿನಲ್ಲುಗಳು ತೊಳೆದ ಪಾತ್ರೆಯಂತೆ ಹೊಳೆಯುತ್ತಿದ್ದವು. ಆಮೇಲೆ ಬೆಲ್ಟು.

ಹೆಬ್ಬೆರಳಿನಿಂದ ಬೆಲ್ಟನ್ನು ಒತ್ತಿದೆ. ಹಳೆ ಹಗ್ಗದ ಮಂಚದ ಹಾಗೆ ಕುಸಿಯಿತು.

ಬೆಲ್ಟು ಸಡಿಲವಾದರೆ ಡೈನಮೋ ತಿರುಗುವುದಿಲ್ಲ. ಡೈನಮೋ ತಿರುಗದಿದ್ದರೆ ಬ್ಯಾಟರಿಗೆ ಊಟವಿಲ್ಲ, ಕೆಂಪು ದೀಪ ಹತ್ತುತ್ತದೆ. ನೀರಿನ ಪಂಪೂ ಅದೇ ಬೆಲ್ಟಿನದು, ಹಾಗಾಗಿ ಎಂಜಿನ್ ಕಾದು ಹಬೆ ಉಗುಳುತ್ತದೆ. ಆದರೆ ಈ ಬೆಲ್ಟು ಹೊಸದು. ಪೂಜೆಗೆ ಮುಂಚೆ ನಾನೇ ಹಾಕಿ ಬಿಗಿದದ್ದು. ತಾನಾಗಿ ಸಡಿಲವಾಗಲು ಅದಕ್ಕೇನು ಬಂದಿತ್ತು?

ಟಾರ್ಚನ್ನು ಡೈನಮೋ ಹಿಡಿದಿಡುವ ತೋಳಿನ ಮೇಲೆ ಬಿಟ್ಟೆ. ಅಲ್ಲಿನ ಬೋಲ್ಟು ಬೆರಳಿಗೇ ತಿರುಗಿತು.

ಬೋಲ್ಟು ತಿರುಗಿದ್ದಕ್ಕಲ್ಲ ನಾನು ಟಾರ್ಚನ್ನು ಇನ್ನೂ ಹತ್ತಿರ ತಂದದ್ದು. ಅದರ ಮೇಲಿದ್ದ ಬೊಟ್ಟಿಗೆ.

ಪೂಜೆಯ ದಿನ ಸಾಸಿವೆ ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಗಾಡಿಯ ಒಂದೊಂದು ಕೀಲಿಗೂ ಇಡುತ್ತೇವೆ. ಅಂದು ಯಾರೂ ಸ್ಪ್ಯಾನರ್ ಮುಟ್ಟುವುದಿಲ್ಲ. ಆಮೇಲೆ ಆ ಬೊಟ್ಟು ಧೂಳು ಕುಡಿದು, ಒಣಗಿ, ತಾನಾಗಿ ಉದುರಬೇಕು. ಮುಂದಿನ ವರ್ಷದವರೆಗೆ ಮತ್ತೆ ಯಾರೂ ಇಡುವುದಿಲ್ಲ. ಕಾಂಛಿಯ ಉಳಿದೆಲ್ಲ ಬೋಲ್ಟುಗಳ ಮೇಲೂ ಬೊಟ್ಟು ಹಾಗೇ ಒಣಗಿ ಕಂದಾಗಿತ್ತು. ಈ ಒಂದರ ಮೇಲೆ ಮಾತ್ರ ಹಳೆಯದು ಒಡೆದು, ಅದರ ಮೇಲೆ ಇನ್ನೊಂದು, ಅದೂ ಒಡೆದು ಮತ್ತೊಂದು. ಎಲ್ಲಕ್ಕಿಂತ ಮೇಲಿನದು ಹಸಿ. ನನ್ನ ಬೆರಳಿಗೆ ಎಣ್ಣೆ ಅಂಟಿತು.

ಯಾರೋ ಈ ಬೋಲ್ಟನ್ನು ಮತ್ತೆ ಮತ್ತೆ ಸಡಿಲಿಸಿದ್ದರು. ಪ್ರತಿಸಲವೂ ದೇವರಲ್ಲಿ ತಪ್ಪಾಯಿತೆಂದು ಬೇಡಿ ಹೊಸ ಬೊಟ್ಟಿಟ್ಟು ಹೋಗಿದ್ದರು.

ಇದು ತರಫ್ದಾರನ ಕೈಯಲ್ಲ. ಅವನಿಗೆ ದುಡ್ಡಿನ ಮೇಲೆ ಬಿಟ್ಟರೆ ಬೇರೆಲ್ಲೂ ಭಕ್ತಿಯಿಲ್ಲ. ಸಂಗೇಯದೂ ಅಲ್ಲ. ಉಗಿಯುವಾಗ ಅವನೇ ಹೇಳಿದ್ದ: "ಕೇಡು ಮಾಡೋದಾದ್ರೆ ಹಗಲು ಹೊತ್ತಲ್ಲಿ ಎದುರಿಗೇ ಮಾಡ್ತೀನಿ ದಿದಿ, ಹೋಗು, ಹೋಗಿ ಕಷಾಯ ಕುಡಿ." ಇದು ಕಾಂಛಿಯನ್ನು ಪ್ರೀತಿಸುವವರ ಕೈ. ಯಾರದೆಂದು ಆಗಲೇ ಅರ್ಧ ಗೊತ್ತಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಬಾಜೆಗೆ ಏನೂ ಹೇಳಲಿಲ್ಲ. ಎಂಜಿನ್ ಓಡುವಾಗಲೆಲ್ಲ ಗಾಡಿ ಚೀರುತ್ತಿತ್ತು; ಆ ಸದ್ದು ಬೆಲ್ಟಿನದೋ ಬೇರಿಂಗಿನದೋ ಎಂದು ತಿಳಿಯಲು ಬೆಲ್ಟು ಕಳಚಿ, ಒಂದು ಗಳಿಗೆ ಎಂಜಿನ್ ಓಡಿಸಲು ಹೇಳಿದೆ. ಚೀರಾಟ ನಿಂತಿತು. ಡೈನಮೋವನ್ನು ಕೈಯಲ್ಲಿ ತಿರುಗಿಸಿ ನೋಡಿದೆ, ಬೇರಿಂಗ್ ಗಟ್ಟಿಯಾಗಿತ್ತು.

"ದೀಪ ಏನನ್ನುತ್ತೆ ಬಾಜೆ?"

"ಆರಿದೆ ನಾನಿ. ಎಂಜಿನ್ ಹಿಡೀತಲ್ಲ, ಆರಿತು."

ಆರಿತೇ? ಬೆಲ್ಟು ನನ್ನ ಕೈಯಲ್ಲಿದೆ, ಡೈನಮೋ ಸತ್ತಂತೆ ಬಿದ್ದಿದೆ, ದೀಪ ಹೇಗೆ ಆರುತ್ತದೆ? ಬಲ್ಬು ಸುಟ್ಟಿರಬೇಕೆಂದು ಸುತ್ತು ಹಾಕಿ ಬಂದು ನೋಡಿದೆ. ಕೆಂಪು ದೀಪ ಅವರ ಕಣ್ಣೆದುರೇ ಧಗಧಗ ಉರಿಯುತ್ತಿತ್ತು.

"ಉರೀತಾನೇ ಇದೆಯಲ್ಲ ಬಾಜೆ!"

"ಹೌದಾ? ಅಯ್ಯೋ, ಆ ಕಡೆ ಯಾರೋ ಕೂಗಿದ್ರು, ತಿರುಗಿ ನೋಡ್ತಿದ್ದೆ."

ಹೊರಡುವ ಆತುರ, ಇನ್ನೇನು ಎಂದು ಬೈದುಕೊಂಡೆ. ಬೆಲ್ಟು ಏರಿಸಿ, ಡೈನಮೋವನ್ನು ಸನ್ನೆಕೋಲಿನಿಂದ ಎಳೆದು, ಬೋಲ್ಟು ಬಿಗಿದು, ಅದರ ಮೇಲೆ ಇನ್ನೊಂದು ನಟ್ಟು ಕೂರಿಸಿದೆ. ಮೀಟರು ಹದಿನಾಲ್ಕು ವೋಲ್ಟಿಗೆ ಏರಿತು. ದೀಪ ಆರಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ಇವತ್ತು ದೀಪ ಹತ್ತಲ್ಲ ಬಾಜೆ, ನಾನು ಮಾತು ಕೊಡ್ತೀನಿ. ಇನ್ನು ಯಾರಪ್ಪ ಬಂದ್ರೂ ಈ ಬೋಲ್ಟು ಅಲ್ಲಾಡಲ್ಲ."

ಬಾಜೆ ಸ್ಟಿಯರಿಂಗನ್ನು ಸವರಿದರು. "ಕೇಳಿದೆಯಾ ಕಾಂಛಿ? ಇವತ್ತು ಮಾನ ಉಳಿಸು ತಾಯಿ." ನನ್ನ ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಲಿ.

ನಾನು ಅಂಗಡಿಗೆ ಬಂದು ಕೈ ತೊಳೆಯುವಷ್ಟರಲ್ಲಿ ಬೋಜು ಬಂದರು. ಅಸ್ಮಾಯಾ ಬೋಜು, ಬಾಜೆಯ ಹೆಂಡತಿ. ಕೈಯಲ್ಲಿ ಎಣ್ಣೆಯಲ್ಲಿ ಕರಿದ ಬಿಸಿ ಸೇಲ್ ರೊಟ್ಟಿಯ ಡಬ್ಬಿ.

ಹೋದ ಚಳಿಗಾಲ ಕಳೆದಾಗಿನಿಂದ ಬೋಜು ಪ್ರತಿ ಸವಾರಿಗೂ ಕಾಂಛಿಯ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದರು. ಮೇಘ್ಮಾದಲ್ಲಿ ಛುರ್ಪಿ ಚೀಸ್ ಮಾರುವುದು ನೆಪ. ದಾರಿಯುದ್ದಕ್ಕೂ ಬಾಯಿಗೆ ಬೀಗವಿಲ್ಲದ ಹಾಗೆ ಮಾತು. "ಮುದುಕರಿಗೆ ಮತ್ತೆ ಮದುವೆಯಾಗಿದೆ," ಎಂದು ಸ್ಟ್ಯಾಂಡಿನವರೆಲ್ಲ ಚುಡಾಯಿಸುತ್ತಿದ್ದರು. ಈಗ ಮಳೆಗಾಲ ಕಳೆದು ಬೆಟ್ಟ ತೆರೆದು ಪ್ರವಾಸಿಗಳು ತುಂಬಿ ಬರುತ್ತಿದ್ದರು, ಮುಂದಿನ ಸೀಟಿಗೂ ಗಿರಾಕಿಗಳಿದ್ದರು; ಅಂಥ ದಿನ ಬೋಜುಗೆ ಜಾಗವಿಲ್ಲ.

"ತಿನ್ನು ನಾನಿ, ಬಿಸಿ ಇದೆ," ಎಂದರು ಬೋಜು. ಆದರೆ ಕೂರಲಿಲ್ಲ. ಅವರ ಕಣ್ಣು ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳ ಮೇಲೆಯೇ ಓಡಾಡುತ್ತಿತ್ತು.

"ಏನು ಬೇಕಾಗಿತ್ತು ಬೋಜು?"

"ನನಗೇನು ಬೇಕು? ಸುಮ್ಮನೆ ನೋಡ್ದೆ. ನೀನು ಎರಡು ನಟ್ಟು ಹಾಕಿದೆಯಂತೆ?"

ಬಾಗಿಲು ಅರ್ಧ ಮುಚ್ಚಿದೆ. ಅವರ ಬಲಗೈ ಹಿಡಿದು ಬೆಳಕಿಗೆ ತಂದೆ. ಉಗುರಿನ ಸಂದಿಯಲ್ಲಿ ಕೆಂಪು, ಸಾಸಿವೆ ಎಣ್ಣೆಯ ವಾಸನೆ.

"ಮನೇಲಿ ಪೂಜೆ ಇತ್ತಾ ಬೋಜು?"

ಅವರು ಕೈ ಎಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡರು. "ಮುದುಕಿ ಕೈ ಏನು ನೋಡ್ತೀಯ, ಬಿಡು."

"ಮೂರು ಸಲ ದೀಪ ಹತ್ತಿತು. ಆ ಮೂರು ಸಲವೂ ಮುಂದಿನ ಸೀಟಲ್ಲಿ ಪ್ರವಾಸಿ ಕೂತಿದ್ದ, ನೀವಿರಲಿಲ್ಲ. ನೀವು ಕೂತ ದಿನ ಕಾಂಛಿಗೆ ನೆಗಡಿ ಕೂಡ ಆಗಲ್ಲ. ಇವತ್ತೂ ಕ್ಯಾಮೆರಾ ಹಿಡಿದ ಒಬ್ಬ ಮುಂದಿನ ಸೀಟು ಕೇಳಿದ್ದಾನೆ. ಇವತ್ತೂ ಬೋಲ್ಟು ಸಡಿಲ, ಅದರ ಮೇಲೆ ಹಸಿ ಬೊಟ್ಟು. ಯಾಕೆ ಬೋಜು? ಸೀಟು ಹೋಯ್ತು ಅಂತ ಸಿಟ್ಟಾ? ಇಲ್ಲಾ ಆ ತರಫ್ದಾರ್ ಏನಾದ್ರೂ ತಲೆ ತುಂಬಿದ್ನಾ?"

"ಥೂ, ನಿನ್ನ ಬಾಯಿಗೆ ಬೂದಿ ಬೀಳ!" ಬೋಜು ಸಿಡಿದರು. "ಕಾಂಛಿಯನ್ನ ಮಾರೋಕೆ ಬೋಲ್ಟು ಬಿಚ್ತೀನಾ ನಾನು? ಅವಳಿಗೆ ಬಣ್ಣ ಹೊಡೆಯೋಕೆ ಅಂತ ನನ್ನ ಮೂಗುಬೊಟ್ಟು ಬಿಚ್ಚಿಕೊಟ್ಟವಳು ನಾನು!"

ಹೊರಗೆ, ತಿರುವಿನಾಚೆಯ ಸ್ಟ್ಯಾಂಡಿನಿಂದ ಒಂದು ಹಾರ್ನ್ ಕೇಳಿಸಿತು. ಗಂಟಲು ಕಟ್ಟಿದ ಮೇಕೆಯಂಥ ದನಿ, ಕಾಂಛಿಯದೇ. ಬೋಜು ಬಾಗಿಲತ್ತ ತಿರುಗಿದರು.

"ಕರೀತಿದ್ದಾರೆ."

"ಸವಾರಿಯವರನ್ನ ಕರೀತಿದ್ದಾರೆ. ಹೊರಡೋ ಚೀಟಿ ಹರಿಯೋಕೆ ಇನ್ನೂ ಹೊತ್ತಿದೆ. ಕೂತ್ಕೊಳ್ಳಿ, ಮೊದಲು ನನಗೆ ಉತ್ತರ ಕೊಡಿ."

ಬೋಜು ಕೂತರು. ಚಾರ್ಜಿಗಿಟ್ಟ ಬ್ಯಾಟರಿಗಳು ಸುತ್ತಲೂ ಗುಳುಗುಳು ಎನ್ನುತ್ತಿದ್ದವು.

"ನಾನಿ, ಬೆಳಿಗ್ಗೆ ದೀಪ ಹತ್ತಿದೆಯಾ ಅಂತ ಅವರನ್ನ ಕೇಳಿರ್ತೀಯಲ್ಲ, ಏನಂದ್ರು?"

"ಆರಿದೆ ಅಂದ್ರು. ಆದ್ರೆ ಅದು..."

ಕಣ್ಣೆದುರು ಧಗಧಗ ಉರಿಯುತ್ತಿದ್ದ ಕೆಂಪು ದೀಪ ಮತ್ತೆ ಕಂಡಿತು.

"ಬೋಜು, ಬಾಜೆಗೆ ಕಣ್ಣು..."

"ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಲ್ಲಿ ನೆರಳು ನೆರಳು." ಅವರು ಅಳಲಿಲ್ಲ, ಬೇಳೆ ಆರಿಸುತ್ತಾ ಮಾತಾಡುವವರ ಹಾಗೆ ಹೇಳಿದರು. "ಒಂದಿನ ಚಹಾ ಲೋಟ ಮುಂದಿಟ್ಟೆ. ಲೋಟದ ಪಕ್ಕ ಗಾಳಿ ಹಿಡಿದ್ರು. ಆಗ ಗೊತ್ತಾಯ್ತು. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾರನೇ ದಿನ ಛುರ್ಪಿ ಮಾರೋಕೆ ಬರ್ತೀನಿ ಅಂತ ಹೋಗಿ ಮುಂದೆ ಕೂತೆ."

"ಆ ನಿಮ್ಮ ಮಾತು ಮಾತು ಮಾತು..."

"ಹೂಂ. 'ಅಯ್ಯೋ, ಬಲಗಡೆ ಆ ಯಾಕ್ ದನ ನೋಡಿ, ಎಷ್ಟು ದಪ್ಪಗಿದೆ' ಅಂತೀನಿ, ಅವರು ಎಡಕ್ಕೆ ಎಳೀತಾರೆ. 'ಎದುರಿಗೆ ಬರ್ತಿರೋನು ಸಂಗೇನಾ' ಅಂತೀನಿ, ನಿಧಾನ ಮಾಡ್ತಾರೆ. ರಸ್ತೆ ಅವರಿಗೆ ಬಾಯಿಪಾಠ ನಾನಿ. ರಸ್ತೇಲಿ ಹೊಸದಾಗಿ ಬಂದಿದ್ದು ಮಾತ್ರ ಕಾಣಲ್ಲ. ನಾನು ಬರೀ ಹರಟೆ ಹೊಡೀತೀನಿ ಅಂತ ಅವರು ನಂಬಿದ್ದಾರೆ. ಪಾಪ, ನಂಬಲಿ."

ನನಗೆ ಕೋಪ ಉಕ್ಕಿತು, ಅದರ ಹಿಂದೆಯೇ ಅಳುವೂ ಬಂತು. "ಹುಚ್ಚು ಹಿಡಿದಿದೆಯಾ ಬೋಜು ನಿಮಗೆ? ಹೆಂಡತಿ ಕಣ್ಣಲ್ಲಿ ಗಂಡ ಗಾಡಿ ಓಡಿಸ್ತಾನಾ? ಹಿಂದೆ ಮಕ್ಕಳುಮರಿ ಕೂತಿರ್ತಾರೆ!"

"ಗೊತ್ತು. ಅದಕ್ಕೇ ಬೋಲ್ಟು."

ಮತ್ತೆ ಹಾರ್ನ್ ಕೇಳಿಸಿತು, ಈ ಸಲ ಉದ್ದವಾಗಿ. ಬೋಜು ಅರ್ಧ ಎದ್ದರು. ನಾನು ಅವರ ಭುಜ ಅದುಮಿ ಕೂರಿಸಿದೆ. ಈ ಮಾತು ಈಗ ಮುಗಿಯದಿದ್ದರೆ ಮತ್ತೆಂದೂ ಮುಗಿಯುವುದಿಲ್ಲ ಎನ್ನಿಸಿತ್ತು.

"ಮದುವೆಯಾದ ವರ್ಷ ಪೂಜೆ ಮುಗಿಸಿ ನನ್ನನ್ನ ಬೆಟ್ಟ ತೋರಿಸೋಕೆ ಕರ್ಕೊಂಡು ಹೋಗಿದ್ರು," ಎಂದರು ಬೋಜು. "ಅವಸರದಲ್ಲಿ ಆ ಬೋಲ್ಟು ಬಿಗಿಯೋದೇ ಮರೆತಿದ್ರು. ಚಿತ್ರೇ ಏರು ಹತ್ತಿ, ಕುಲುಕಿ ಕುಲುಕಿ, ಮೇಘ್ಮಾ ಬಯಲಲ್ಲಿ ಗಾಡಿ ನಿಂತಿತು. ಎರಡೂ ಕಡೆ ಸಮತಟ್ಟು, ಬೀಳೋ ಭಯ ಇಲ್ಲ. ಹುಲ್ಲಲ್ಲಿ ಕೂತು ಚಹಾ ಕುಡಿದ್ವಿ. ಆ ಬೋಲ್ಟು ಬಿಟ್ರೆ ಗಾಡಿ ಎಲ್ಲಿ ನಿಲ್ಲುತ್ತೆ ಅಂತ ಆವತ್ತಿಂದ ನನಗೆ ಗೊತ್ತು."

"ಅದಕ್ಕೆ, ನೀವು ಜೊತೆಗೆ ಹೋಗೋಕಾಗದ ದಿನ..."

"ಸಡಿಲ ಮಾಡ್ತಿದ್ದೆ. ಮುಂದೆ ಕೂತ ಸವಾರಿಯವನು ದೀಪ ನೋಡಿ ಹೇಳ್ತಾನೆ, ಇವರು ವಾಪಸ್ ತಿರುಗ್ತಾರೆ. ಮುಂದಿನ ಗೈರಿಬಾಸ್ ಪ್ರಪಾತದ ಇಳಿಜಾರು ಮುಟ್ಟೋದೇ ಇಲ್ಲ. ರಾತ್ರಿ ನಾನೇ ಮತ್ತೆ ಬಿಗೀತಿದ್ದೆ." ಬೋಜು ನನ್ನ ಕೈ ಹಿಡಿದುಕೊಂಡರು. ಅವರ ಕೈ ಸುಡುತ್ತಿತ್ತು. "ನಾಲ್ಕನೇ ಸಲ ನಿಂತ್ರೆ ನಂಬರ್ ತೆಗೀತೀವಿ ಅಂದಿದ್ರಲ್ಲ, ಇವತ್ತು ನಾಲ್ಕನೇದು. ಇವತ್ತಿಗೆ ಎಲ್ಲ ಮುಗೀತಿತ್ತು ನಾನಿ. ಮಾರೋದೂ ಬೇಡ, ಕಾಂಛಿ ಅಂಗಳದಲ್ಲಿ ನಿಲ್ತಿದ್ಲು, ಅವರು ದಿನಾ ಒರೆಸ್ತಾ ಇರ್ತಿದ್ರು. ಗಾಡಿಗೆ ವಯಸ್ಸಾಯ್ತು ಅಂತ ಜನ ಅನ್ಲಿ. ರಣ್‌ಧೋಜನಿಗೆ ಕಣ್ಣು ಹೋಯ್ತು ಅಂತ ಮಾತ್ರ ಯಾರೂ ಅನ್ನಬಾರ್ದು."

ಕಾಂಛಿಯ ಮೇಲೆ ಅಪವಾದ ಹೊರಿಸಿ ಗಂಡನ ಮಾನ ಕಾಯಲು ಹೊರಟಿದ್ದ ಈ ಹೆಂಗಸನ್ನು ನಾನು ಕಳ್ಳಿಯ ಹಾಗೆ ವಿಚಾರಿಸಿದ್ದೆ.

"ಪ್ರತಿಸಲ ಬೊಟ್ಟು ಯಾಕೆ ಇಟ್ರಿ ಬೋಜು? ಅದಿಲ್ಲದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ದೇವರ ಬೊಟ್ಟು ಒಡೆದು ಸುಮ್ಮನೆ ಬರೋಕಾಗುತ್ತಾ? ಕಾಂಛಿಗೂ ನೋವಾಗಿರುತ್ತೆ." ಅವರು ಮುಖ ಒರೆಸಿಕೊಂಡರು. "ಈಗ ಆ ನಟ್ಟು ಬಿಚ್ಚಿಕೊಡು. ನನ್ನ ಕೈಯಲ್ಲಿ ಆಗಲ್ಲ. ಅವರು ಹೊರಡೋಕೆ ಮುಂಚೆ ಬಿಚ್ಚಿಕೊಡು, ನಿನ್ನ ಕಾಲಿಗೆ ಬೀಳ್ತೀನಿ."

"ಬಿಚ್ಚೋದಲ್ಲ. ನಡೀರಿ, ನಾನೇ ಬಾಜೆ ಹತ್ರ ಮಾತಾಡ್ತೀನಿ. ಯಾರಿಗೂ ತಿಳಿಯದ ಹಾಗೆ."

ಸ್ಪ್ಯಾನರಿಗೆ ಕೈ ಹಾಕಿದೆ. ಅಷ್ಟರಲ್ಲಿ ಬಾಗಿಲನ್ನು ಭುಜದಿಂದ ದೂಡಿಕೊಂಡು ಸಂಗೇ ಬಂದ, ತನ್ನ ಬ್ಯಾಟರಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡು.

"ದಿದಿ, ಇದು ಸತ್ತಿದೆ, ಚಾರ್ಜಿಗೆ ಇಡು. ಮೊದಲೇ ಹೇಳ್ತೀನಿ, ನಾನು ಕೊಂದಿಲ್ಲ." ಆಮೇಲೆ ಬೋಜುವನ್ನು ಕಂಡ. "ಅಯ್ಯೋ! ಬೋಜು ಇಲ್ಲೇ ಇದ್ದಾರಾ? ಬಾಜೆ ಅಷ್ಟೊತ್ತು ಹಾರ್ನ್ ಹೊಡೆದ್ರಲ್ಲ, ಕೇಳಿಸಲಿಲ್ವಾ?"

"ಹೊಡೆದ್ರಲ್ಲ ಅಂದ್ರೆ?" ನಾನು ಸ್ಪ್ಯಾನರ್ ಹಿಡಿದೇ ತಿರುಗಿದೆ.

"ಹೊರಟು ಹೋದ್ರು. ಈಗಷ್ಟೇ. ಸವಾರಿಯವರು ಗಲಾಟೆ, ಸಿಂಡಿಕೇಟಿನವರು ಹೊರಡು ಇಲ್ಲಾ ನಂಬರ್ ಬಿಡು ಅಂತ ಗಲಾಟೆ. ಇನ್ನೆಷ್ಟು ಕಾಯ್ತಾರೆ ಪಾಪ?"

"ಮುಂದೆ ಆ ಕ್ಯಾಮೆರಾದವನು ಕೂತಿದ್ದಾನಾ?"

"ಎಲ್ಲಿ? ಅವನು ಜಗಳವನ್ನೇ ಆಡಿದ, ಬಾಜೆ ಬಿಡಲಿಲ್ಲ. ಮುಂದಿನ ಸೀಟು ಖಾಲಿ ಇಟ್ಕೊಂಡು ಕೂತಿದ್ರು." ಸಂಗೇ ನಗುತ್ತಾ ಬ್ಯಾಟರಿ ಕೆಳಗಿಟ್ಟ. "ಏನಂದ್ರು ಗೊತ್ತಾ? 'ಅದು ನಮ್ಮ ಮುದುಕಿ ಸೀಟು, ಇನ್ಮೇಲೆ ಯಾರಿಗೂ ಕೊಡಲ್ಲ. ಅವಳಿಲ್ದೆ ನನಗೆ ದಾರಿ ಕಾಣಲ್ಲ' ಅಂದ್ರು. ಸ್ಟ್ಯಾಂಡೆಲ್ಲ ಬಿದ್ದು ಬಿದ್ದು ನಕ್ತು."

ಬೋಜು ನಗಲಿಲ್ಲ. ಡಬ್ಬಿ ಅವರ ಮಡಿಲಿನಿಂದ ಜಾರಿ ಸೇಲ್ ರೊಟ್ಟಿಗಳು ನೆಲಕ್ಕೆ ಬಿದ್ದವು.

"ಅವರಿಗೆ ಗೊತ್ತಿತ್ತು," ಎಂದರು, ಬಹಳ ಮೆಲ್ಲಗೆ. "ನನ್ನ ಹರಟೆ ಯಾಕೆ ಅಂತ ಅವರಿಗೆ ಗೊತ್ತಿತ್ತು. ನನ್ನನ್ನೇ ಕರೀತಿದ್ರು ನಾನಿ."

ನನ್ನ ಕೈಯಲ್ಲಿ ಸ್ಪ್ಯಾನರ್ ಭಾರವಾಯಿತು. ಎರಡು ಸಲ ಕರೆದಿದ್ದರು. ಎರಡು ಸಲವೂ ಕೂರಿಸಿದವಳು ನಾನು.

"ಯಾಕೆ, ಏನಾಯ್ತು?" ಸಂಗೇಯ ನಗು ಇಳಿಯಿತು. "ದೀಪ ಹತ್ತಲ್ಲ ಅಂತ ನೀನೇ ಮಾತು ಕೊಟ್ಟಿದ್ದೀಯಂತಲ್ಲ ದಿದಿ. ಗಾಡಿ ಗುಂಡು ಹೊಡೆದ ಹಾಗೆ ಏರ್ತಿತ್ತು. ಗೈರಿಬಾಸ್ ಹತ್ರ ಹುಷಾರು ಅಂತ ಹೇಳೋಣ ಅಂದ್ರೆ ನಿಲ್ಲಿಸಲೇ ಇಲ್ಲ."

"ಗೈರಿಬಾಸಲ್ಲಿ ಏನು?"

"ನಿನ್ನೆ ಸಂಜೆ ಮಳೆಗೆ ಎರಡನೇ ತಿರುವಲ್ಲಿ ಅರ್ಧ ರಸ್ತೆ ಜಾರಿ ಹೋಗಿದೆ. ಕಲ್ಲಿಟ್ಟು ಒಂದು ಕೆಂಪು ಬಟ್ಟೆ ಕಟ್ಟಿದ್ದಾರೆ. ಕಂಡೇ ಕಾಣುತ್ತೆ ಬಿಡು."

ಮೊಬೈಲು ತೆಗೆದೆ. ಮಂಜು ಬಿದ್ದ ಬೇರೆ ದಿನಗಳ ಹಾಗೆ ಇವತ್ತೂ ಅದರಲ್ಲಿ ಸಿಗ್ನಲಿನ ಒಂದು ಗೆರೆಯೂ ಇರಲಿಲ್ಲ. ಅದನ್ನು ಎಸೆದು, ಮೂಲೆಯಲ್ಲಿ ಚಾರ್ಜಾಗಿ ತುಂಬಿದ್ದ ಬ್ಯಾಟರಿಯನ್ನು ಎತ್ತಿ ಸಂಗೇಯ ತೋಳಿಗೆ ತುರುಕಿದೆ.

"ನಿನ್ನ ಗಾಡಿಗೆ ಹಾಕು. ಓಡು! ಹೋದ ವಾರ ಗುಮಾನಿ ಇಟ್ಟಿದ್ದಕ್ಕೆಲ್ಲ ಆಮೇಲೆ ನನ್ನನ್ನ ಹೊಡಿ, ಈಗ ಓಡು!"

ಅವನು ನಮ್ಮಿಬ್ಬರ ಮುಖ ನೋಡಿದ, ಒಂದು ಮಾತೂ ಕೇಳದೆ ಓಡಿದ. ನಾನು ಬೋಜುವಿನ ಕೈ ಹಿಡಿದು ಹೊರಗೆ ಬಂದೆ. ಮಂಜಿನಲ್ಲಿ ಹತ್ತು ಹೆಜ್ಜೆಯಾಚೆ ಏನೂ ಕಾಣುತ್ತಿರಲಿಲ್ಲ.

ಆದರೆ ಕೇಳಿಸುತ್ತಿತ್ತು. ಚಿತ್ರೇಯ ಏರಿನಲ್ಲಿ, ಆಗಲೇ ಬಹಳ ಮೇಲೆ, ಕಾಂಛಿಯ ಎಂಜಿನ್ ಒಂದೇ ಒಂದು ಚೀರಾಟವಿಲ್ಲದೆ ಹತ್ತುತ್ತಿತ್ತು. ಇಷ್ಟು ವರ್ಷಗಳಲ್ಲಿ ನಾನು ಬಿಗಿದ ಬೆಲ್ಟುಗಳಲ್ಲಿ ಇದಕ್ಕಿಂತ ಚೆನ್ನಾಗಿ ಬಿಗಿದದ್ದು ಇನ್ನೊಂದಿಲ್ಲ. ಮೇಘ್ಮಾದಲ್ಲಿ ಅದು ನಿಲ್ಲುವುದಿಲ್ಲ.

ತಿರುವೊಂದರಲ್ಲಿ ಆ ಗಂಟಲು ಕಟ್ಟಿದ ಹಾರ್ನ್ ಮತ್ತೆ ಕೂಗಿತು, ಉದ್ದಕ್ಕೆ, ನಿಲ್ಲಿಸಿ ನಿಲ್ಲಿಸಿ, ಎದುರಿಗೆ ಯಾರೂ ಬರದ ರಸ್ತೆಯಲ್ಲಿ.

"ಬಂದೆ ರೀ," ಎಂದು ಬೋಜು ಮಂಜಿನೊಳಕ್ಕೆ ಕೂಗಿಕೊಂಡರು. "ಬಂದೆ, ಬಂದೆ, ನಿಲ್ಲಿ!"